ಬಾಗಿಲಿಗೆ ತೂಗಿದ ಉಂಡೆ

ಈ ಊರಿನ ಯಾವ ಬೆಕ್ಕೇ ಆಗಲಿ, ನನ್ನ ಮಗ್ಗದ ಮುಂದೆ ಹಾಯುವಾಗ ಬಾಲ ಮಡಿಸಿ ನಮಸ್ಕಾರ ಮಾಡಿಯೇ ಮುಂದೆ ಹೋಗುತ್ತದೆ.

ಇದು ಸುಳ್ಳು. ನಮ್ಮ ಮನೆಯ ಬೆಕ್ಕೇ ನನಗೆ ಬೆನ್ನು ತಿರುಗಿಸಿ ಮಲಗುತ್ತದೆ.

ಚಹಾದಂಗಡಿಯಲ್ಲಿ ನಾನು ಹೀಗೆ ಜಂಬ ಕೊಚ್ಚಿ, ಹೀಗೆಯೇ ಒಪ್ಪಿಕೊಂಡಾಗ ಎಲ್ಲರೂ ನಕ್ಕರು. ಮೂರು ವರ್ಷದಿಂದ ನನ್ನ ಬಳಿ ನೇಯ್ಗೆ ಕಲಿಯುತ್ತಿರುವ ಪರಪ್ಪ ಮಾತ್ರ ನಗಲಿಲ್ಲ. ಉಳಿದವರು ಎದ್ದು ಹೋಗುವತನಕ ಕಾದು ಕೇಳಿದ.

“ಮಾಸ್ತರ್ರೇ, ನೀವು ಯಾಕೆ ಇಷ್ಟು ಸುಳ್ಳು ಹೇಳುತ್ತೀರಿ? ಬಾಯಲ್ಲಿ ಸುಳ್ಳಿದ್ದವನ ಬಟ್ಟೆಯಲ್ಲೂ ಸುಳ್ಳಿರುತ್ತದೆ ಅಂತಾನೆ ನಮ್ಮಣ್ಣ. ಇವತ್ತು ಸಂಜೆಯೊಳಗೆ ನಿಮ್ಮ ಮಗ್ಗ ಬಿಟ್ಟು ಬಾ ಅಂದಿದ್ದಾನೆ. ಅವನಿಗೆ ಏನು ಹೇಳಲಿ?”

“ಮೊದಲು ಇನ್ನೊಂದು ಚಹಾ ಹೇಳು,” ಅಂದೆ. ಚಹಾ ಬಂತು. ನಾನು ಕತೆ ಶುರು ಮಾಡಿದೆ.

ಒಬ್ಬ ನೇಕಾರ ಹೆಂಗಸಿದ್ದಳು. ಅವಳು ನೇಯುತ್ತಿದ್ದುದು ಬಿಳಿ ರೇಷ್ಮೆ. ಅವಳ ಓಣಿಗೆ ಕೊಳ್ಳಲು ಬರುವ ವ್ಯಾಪಾರಿ ಎಲ್ಲರ ಬಟ್ಟೆಯನ್ನೂ ಬಿಚ್ಚಿ, ಬೆಳಕಿಗೆ ಹಿಡಿದು, ಅಂಗೈ ಆಡಿಸಿ ನೋಡುತ್ತಿದ್ದ. ಇವಳ ಬಟ್ಟೆಯನ್ನು ಮಾತ್ರ ಮಡಿಕೆ ಬಿಚ್ಚದೆ ತೆಗೆದುಕೊಳ್ಳುತ್ತಿದ್ದ. ಓಣಿಯಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆ ಇರಲಿಲ್ಲ.

ಅವಳ ಮನೆಗೆ ಒಂದು ಕರಿ ಬೆಕ್ಕು ಬಂತು. ನೂಲಿನ ಉಂಡೆಗಳನ್ನು ಉರುಳಿಸಿತು, ಎಳೆ ಸುತ್ತಿ ಕಟ್ಟಿದ ಲಡಿಗಳನ್ನು ಕೆದರಿತು. ಸಿಕ್ಕು ಬಿಡಿಸುವಾಗ ಎಳೆ ಹರಿಯಿತು. ಹರಿದಲ್ಲಿ ಗಂಟು ಹಾಕಿದಳು. ಒಂದು ದಿನ ವ್ಯಾಪಾರಿಯ ಬೆರಳಿಗೆ ಮಡಿಕೆಯ ಹೊರಗಿನಿಂದಲೇ ಗಂಟು ತಗುಲಿತು. ಅವನು ಬಟ್ಟೆ ಬಿಚ್ಚಿದ. ಏಳು ಗಂಟು ಸಿಕ್ಕವು. ಜೊತೆಗೆ ಒಂದು ಕರಿಕೂದಲೂ ನೇಯ್ಗೆಯೊಳಗೆ ಸೇರಿಕೊಂಡಿತ್ತು.

“ಇನ್ನು ಮೇಲೆ ನಿನ್ನದನ್ನೂ ಬಿಚ್ಚಿಯೇ ನೋಡುತ್ತೇನೆ ತಂಗಿ,” ಅಂದ.

ಅವಳು ಆ ದಿನ ಊಟ ಮಾಡಲಿಲ್ಲ.

ನೂಲನ್ನು ಬುಟ್ಟಿಯಲ್ಲಿಟ್ಟು ತೊಲೆಗೆ ಕಟ್ಟಿದಳು. ಬೆಕ್ಕು ತೊಲೆಯ ಮೇಲೆ ನಡೆದು ಬಂತು. ಬೆಕ್ಕನ್ನು ಪಕ್ಕದ ಓಣಿಗೆ ಕೊಟ್ಟಳು. ವಾರದೊಳಗೆ ಇಲಿಗಳು ಮೂರು ಲಡಿಗಳನ್ನು ಕಡಿದು ಹಾಕಿದವು. ಅವಳೇ ಹೋಗಿ ಬೆಕ್ಕನ್ನು ಬಗಲಲ್ಲಿ ಎತ್ತಿಕೊಂಡು ಬಂದಳು. ಬೆಕ್ಕು ಇದ್ದರೆ ಸಿಕ್ಕು, ಇಲ್ಲದಿದ್ದರೆ ಇಲಿ. ಮಗ್ಗದ ಮುಂದೆ ಕೂತು ಬೆಕ್ಕನ್ನೇ ನೋಡತೊಡಗಿದಳು.

ಇಡೀ ದಿನ ನೋಡಿದಳು. ಕಟ್ಟಿಟ್ಟ ಲಡಿಯ ಮೇಲೆ ಬೆಕ್ಕು ಮಲಗುತ್ತಿತ್ತು, ಆದರೆ ಉಗುರು ಹಾಕುತ್ತಿರಲಿಲ್ಲ. ಎಲ್ಲಿ ಒಂದು ತುದಿ ಇಳಿಬಿದ್ದು ಅಲ್ಲಾಡಿತೋ ಅಲ್ಲಿಗೆ ಹಾರುತ್ತಿತ್ತು. ಅದಕ್ಕೆ ಬೇಕಾದದ್ದು ನೂಲಲ್ಲ, ಆಟ.

ಆಗ ಅವಳಿಗೆ ಒಲೆ ನೆನಪಾಯಿತು. ಆ ಓಣಿಯಲ್ಲಿ ಒಂದು ಪದ್ಧತಿ ಇತ್ತು. ಹರಿದ ಎಳೆ, ತುಂಡು ನೂಲು ಪರರ ಕಣ್ಣಿಗೆ ಬೀಳಬಾರದು. ದಿನದ ತುಂಡುಗಳನ್ನೆಲ್ಲ ಬಾಚಿ ಒಲೆಗೆ ಹಾಕುತ್ತಿದ್ದರು. ಬೆಕ್ಕಿಗೆ ಆಡಲು ಉಳಿಯುತ್ತಿದ್ದುದು ಒಳ್ಳೆಯ ನೂಲೊಂದೇ.

ಅವಳು ಆ ದಿನದ ತುಂಡುಗಳನ್ನು ಒಲೆಗೆ ಹಾಕಲಿಲ್ಲ. ಎಲ್ಲವನ್ನೂ ಸುತ್ತಿ ಉಂಡೆ ಮಾಡಿದಳು. ಒಂದು ಎಳೆಯನ್ನು ಬಾಲದಂತೆ ಇಳಿಬಿಟ್ಟು, ಬೆಕ್ಕಿಗೆ ಎಟುಕುವಂತೆ, ಬೀದಿಯ ಬಾಗಿಲಿಗೇ ತೂಗುಹಾಕಿದಳು. ಒಳ್ಳೆಯ ಲಡಿಗಳನ್ನು ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ತುದಿಗಳನ್ನು ಒಳಗೆ ಸಿಕ್ಕಿಸಿ, ಹಳೆಯ ಧೋತರದಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಳು. ದಿನಕ್ಕೆ ಬೇಕಾದಷ್ಟನ್ನು ಮಾತ್ರ ಹೊರಗೆ ತೆಗೆದು ಮುಚ್ಚಳದ ಡಬ್ಬಿಯಲ್ಲಿ ಹಾಕಿಕೊಂಡಳು.

ಬೆಕ್ಕು ಹಗಲೆಲ್ಲ ಬಾಗಿಲಲ್ಲೇ ಆಡಿತು. ಕೂದಲು, ಧೂಳು, ಎಂಜಲು ಎಲ್ಲ ಆ ಉಂಡೆಗೇ ಅಂಟಿದವು. ಉಂಡೆ ಮಸಿಯಂತೆ ಕಪ್ಪಾಯಿತು. ನೀರಿಗೆ ಹೊರಟ ಹೆಂಗಸರು ನಿಂತು ನಕ್ಕರು.

“ಏನವ್ವಾ, ಮಾವಿನ ತೋರಣ ಸಿಗಲಿಲ್ಲವೇನು?”

“ನಕ್ಕು ಹೋಗ್ರವ್ವಾ, ಬೆಕ್ಕಿಗೂ ಖುಷಿ,” ಅಂದಳು.

ವ್ಯಾಪಾರಿ ಬಂದ. ಬಾಗಿಲಲ್ಲಿ ಉಂಡೆ ಅವನ ಧೋತರಕ್ಕೆ ತಗುಲಿತು. ಅವನು ಮುಖ ಸಿಂಡರಿಸಿ, “ಹೊಸ್ತಿಲಲ್ಲೇ ಈ ಗತಿಯಾದರೆ ಒಳಗೆ ಹೇಗೋ!” ಅಂದ. ಬಟ್ಟೆಯನ್ನು ತುದಿಯಿಂದ ತುದಿಗೆ ಬಿಚ್ಚಿದ. ಬೆಳಕಿಗೆ ಹಿಡಿದ. ಅಂಗೈ ಆಡಿಸಿದ, ತಿರುವಿ ಹಾಕಿ ಮತ್ತೆ ಆಡಿಸಿದ. ಒಂದು ಗಂಟು ಇಲ್ಲ, ಒಂದು ಕೂದಲಿಲ್ಲ. ಅವಳು ಪಕ್ಕದಲ್ಲೇ ನಿಂತಿದ್ದಳು. ಬೆನ್ನು ನೆಟ್ಟಗಿತ್ತು.

ಮುಂದಿನ ಸಲವೂ ಬಿಚ್ಚಿ ನೋಡಿದ. ಅದರ ಮುಂದಿನ ಸಲವೂ ನೋಡಿದ. ನಾಲ್ಕನೆಯ ಸಲ ಬಾಗಿಲಿನ ಉಂಡೆಯನ್ನು ಕೈಯಿಂದ ಸರಿಸಿ ಒಳಗೆ ಬಂದ, ಬಟ್ಟೆಯನ್ನು ಮಡಿಕೆಯಲ್ಲೇ ಹೆಗಲಿಗೆ ಹಾಕಿಕೊಂಡು ಹೋದ.

ಕತೆ ಮುಗಿಯಿತು. ಪರಪ್ಪ ನನ್ನನ್ನು ನೋಡಿದ.

“ಇದಾದರೂ ನಿಜವೇನು ಮಾಸ್ತರ್ರೇ? ಅಣ್ಣನಿಗೆ ಹೇಳಬೇಕಲ್ಲ.”

ಆ ವಾರ ನೇಯ್ದ ಸೀರೆ ನನ್ನ ಪಕ್ಕದಲ್ಲೇ ಇತ್ತು. ಅದನ್ನು ಎತ್ತಿ ಅವನ ತೊಡೆಯ ಮೇಲಿಟ್ಟೆ.

“ಬಾಗಿಲಿಗೆ ತೂಗಿದ ಉಂಡೆಯಂಥ ನನ್ನ ಮಾತನ್ನು ನಿಮ್ಮಣ್ಣ ಎಷ್ಟು ಬೇಕಾದರೂ ಬಿಚ್ಚಿ ನೋಡಲಿ, ಈ ಸೀರೆಯನ್ನು ಮಾತ್ರ ಮಡಿಕೆಯಲ್ಲೇ ಒಯ್ದು ಅವನ ಕೈಗೆ ಕೊಡು.”

ಪರಪ್ಪ ಸೀರೆಯ ಮೇಲೆ ಕೈಯಿಟ್ಟ. ಬಿಚ್ಚಲಿಲ್ಲ.

“ಎರಡೂ ಚಹಾದ ದುಡ್ಡು ನೀನೇ ಕೊಟ್ಟುಬಿಡು ತಮ್ಮಾ,” ಅಂದೆ, “ನನ್ನ ದುಡ್ಡಿನ ಚೀಲವನ್ನು ಬೆಕ್ಕು ಹೊತ್ತುಕೊಂಡು ಹೋಗಿದೆ.”