ಮುಖವಾಡ ತೊಟ್ಟು ಬಿದ್ದವನು

"ಗುರುಗಳೇ, ತೆರೆಯ ಮೇಲೆ ಒಂದು ನಗರವೇ ಉರಿದು ಬೀಳುತ್ತದೆ. ಸಾವಿರಾರು ಜನ ಸಾಯುತ್ತಾರೆ. ನೋಡುತ್ತ ಕುಳಿತ ನನಗೆ ಒಂದಿಷ್ಟೂ ನೋವಾಗುವುದಿಲ್ಲ. ಏಕೆ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಸಿನಿಮಾ ನಿರ್ದೇಶಕನಿದ್ದ. ಮಕ್ಕಳ ಕಾಮಿಕ್ಸ್ ಪುಸ್ತಕದಿಂದ ರೆಕ್ಕೆಯ ವೀರನೊಬ್ಬನನ್ನು ಎತ್ತಿಕೊಂಡು ಸಿನಿಮಾ ಮಾಡಿದ. ಅದರಲ್ಲಿ ಊರಿಗೆ ಊರೇ ಸುಟ್ಟುಹೋಗುತ್ತಿತ್ತು. ಆ ಬೆಂಕಿಯ ನಡುವೆ ತಾಯಿಯೊಬ್ಬಳು ಮಗುವನ್ನು ಹುಡುಕುವ ದೃಶ್ಯವನ್ನು ಸಂಕಲನಕಾರ ಉಳಿಸಿಕೊಂಡಿದ್ದ. ನಿರ್ದೇಶಕ ಅದನ್ನು ತೆಗೆಸಿದ. "ಜನ ಬೆಂಕಿ ನೋಡೋಕೆ ಬರ್ತಾರೆ ಕಣಯ್ಯಾ, ಅಳೋಕಲ್ಲ" ಎಂದ. ಅವನ ಮಾತೇ ನಿಜವಾಯಿತು. ಜನ ಮುಗಿಬಿದ್ದರು. ಮುಂದಿನ ಸಿನಿಮಾಕ್ಕೆ ಇನ್ನೂ ದೊಡ್ಡ ಬೆಂಕಿ ಬೇಕಾಯಿತು, ಇನ್ನೂ ಎತ್ತರದ ಗೋಪುರ ಬೇಕಾಯಿತು.

ನಾಯಕನ ಬದಲಿಗೆ ಮುಖವಾಡ ತೊಟ್ಟು ಹಾರುತ್ತಿದ್ದವನು, ಬೀಳುತ್ತಿದ್ದವನು ದಸ್ತಗೀರ ಎಂಬ ಸಾಹಸ ಕಲಾವಿದ. ಒಂದು ಮಧ್ಯಾಹ್ನ ಅವನು ಗೋಪುರದ ತುದಿಯಿಂದ ಜಿಗಿದ. ಸೊಂಟಕ್ಕೆ ಕಟ್ಟಿದ್ದ ತಂತಿ ಹರಿಯಿತು. ರೆಕ್ಕೆಗಳು ಧಗಧಗ ಉರಿಯುತ್ತಿದ್ದವು. ನೆಲದಿಂದ ಧೂಳು ಎದ್ದಿತು. ಅಂಥದ್ದನ್ನು ನಿರ್ದೇಶಕ ಹಿಂದೆಂದೂ ಕಂಡಿರಲಿಲ್ಲ. ಎದ್ದು ನಿಂತು ಚಪ್ಪಾಳೆ ತಟ್ಟಿದ. ಅವನನ್ನು ನೋಡಿ ಎಲ್ಲರೂ ತಟ್ಟಿದರು. ದಸ್ತಗೀರ ಏಳಲಿಲ್ಲ. ಚಪ್ಪಾಳೆ ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು.

ಸುದ್ದಿ ಹೇಳಲು ನಿರ್ದೇಶಕನೇ ಅವನ ಮನೆಗೆ ಹೋದ. ದಸ್ತಗೀರನ ಹೆಂಡತಿ ಅಳಲಿಲ್ಲ. "ಬೀಳುವಾಗ ಅವರಿಗೆ ಭಯ ಆಗಿತ್ತಾ?" ಎಂದಷ್ಟೇ ಕೇಳಿದಳು.

ನಿರ್ದೇಶಕ ನೆನಪು ಮಾಡಿಕೊಂಡ. ಬೆಂಕಿ ನೆನಪಾಯಿತು, ಎತ್ತರ ನೆನಪಾಯಿತು. ಮನುಷ್ಯ ನೆನಪಾಗಲಿಲ್ಲ. "ಇಲ್ಲಮ್ಮ" ಎಂದ.

"ನಿಮಗೆ ಗೊತ್ತಿಲ್ಲ" ಎಂದು ಹೇಳಿ ಅವಳು ಒಳಗೆ ಹೋದಳು.

ಅವನು ಅಲ್ಲಿಂದ ನೇರ ಸಂಕಲನದ ಕೋಣೆಗೆ ಹೋಗಿ, ಎಲ್ಲ ಕ್ಯಾಮೆರಾಗಳಲ್ಲಿ ಸೆರೆಯಾದದ್ದನ್ನೂ ಹಾಕಿಸಿ ನೋಡಿದ. ಎಲ್ಲದರಲ್ಲೂ ಮುಖವಾಡವೇ ಇತ್ತು. ಮತ್ತೆ ಮತ್ತೆ ನೋಡಿದ. ನೋಡುತ್ತ ನೋಡುತ್ತ, ಆ ದೃಶ್ಯವನ್ನು ಬಿಸಾಡಲು ಅವನಿಗೆ ಮನಸ್ಸು ಬರಲಿಲ್ಲ. ಸಿನಿಮಾದಲ್ಲಿ ಹಾಗೆಯೇ ಇಟ್ಟುಬಿಟ್ಟ.

ಬಿಡುಗಡೆಯ ದಿನ ಚಿತ್ರಮಂದಿರದ ಹಿಂದಿನ ಸಾಲಿನಲ್ಲಿ ಹೋಗಿ ಕುಳಿತ. ತೆರೆಯ ಮೇಲೆ ದಸ್ತಗೀರ ಬಿದ್ದ. ಜನ ಕುರ್ಚಿಯ ಮೇಲೆ ಹತ್ತಿ ನಿಂತು ಸಿಳ್ಳೆ ಹಾಕಿದರು. ನಿರ್ದೇಶಕನಿಗೆ, ಅವನೊಬ್ಬ ಮನುಷ್ಯ ಕಣ್ರೋ ಎಂದು ಕೂಗಬೇಕೆನಿಸಿತು. ಕೂಗಲಿಲ್ಲ. ಯಾರಾದರೂ ಒಬ್ಬರು ಮುಖ ತಿರುಗಿಸಿಯಾರೇ ಎಂದು ಕತ್ತಲಲ್ಲಿ ಸಾಲು ಸಾಲು ಹುಡುಕಿದ. ಜನ "ಒನ್ಸ್ ಮೋರ್" ಎಂದು ಕೂಗುತ್ತಿದ್ದರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. "ಅಷ್ಟು ಜನರಲ್ಲಿ ಒಬ್ಬರಿಗೂ ಅದು ಸಾವು ಅನ್ನಿಸಲಿಲ್ಲವೇ?"

"ಆ ಸಿನಿಮಾ ನೀನೂ ನೋಡಿದ್ದೀಯೆ, ನೀನೇ ಹೇಳು" ಎಂದರು ಗುರುಗಳು.