ಮರಿಸಿದ್ದನ ಮನೆಗೆ ಗುಡಿಸೋ ರೋಬೋಟು ಬಂದದ್ದು

ಕಾಲು ಮೇಲೆತ್ತಿ ಕೂತುಕೊಂಡು ಕೇಳಿ. ಈ ಕತೆಯಲ್ಲಿ ನೆಲದ ಮೇಲೆ ಓಡಾಡುವುದೊಂದಿದೆ.

ಒಂದು ಊರು, ಆ ಊರಿಗೊಂದು ಹಿಂದಿನ ಬೀದಿ, ಆ ಬೀದಿಯ ಕೊನೆಯ ಮನೆಯಲ್ಲಿ ಚೌಡಮ್ಮ ಅಂತ ಒಬ್ಬ ತಾಯಿ, ಮರಿಸಿದ್ದ ಅಂತ ಒಬ್ಬ ಮಗ. ಮಗ ಬಾಗಿಲೆತ್ತರ ಬೆಳೆದಿದ್ದ. ಅಕ್ಕಿ ಮೂಟೆಯನ್ನು ಹೂವಿನ ಬುಟ್ಟಿಯ ಹಾಗೆ ಎತ್ತುತ್ತಿದ್ದ. ಸುಳ್ಳು ಗೊತ್ತಿಲ್ಲ, ಸಿಟ್ಟು ಗೊತ್ತಿಲ್ಲ, ತಾಯಿಯ ಮಾತು ಮೀರುವವನಲ್ಲ. ಚೌಡಮ್ಮನ ಗೋಳೆಲ್ಲ ಅದೇ. ಮಾತು ಮೀರುವವನಾಗಿದ್ದರೆ ಹೇಗೋ ಬದುಕಿಕೊಳ್ಳುತ್ತಿದ್ದ. ಇವನು ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ!

"ನಾನು ಕಣ್ಣು ಮುಚ್ಚಿದ ಮೇಲೆ ಇವನಿಗೆ ಹೇಳೋರು ಯಾರಪ್ಪಾ?" ಅಂತ ಅವಳು ಒಲೆಯ ಮುಂದೆ ಕೂತಾಗಲೆಲ್ಲ ಅನ್ನುತ್ತಿದ್ದಳು. ಒಬ್ಬ ಜಾಣ ಸೊಸೆ ಬರಬೇಕು, ಅಷ್ಟೇ ಅವಳ ಆಸೆ. ಬಂದ ಸಂಬಂಧಗಳೆಲ್ಲ ಮರಿಸಿದ್ದನ ಜೊತೆ ನಾಲ್ಕು ಮಾತಾಡಿ, ಕಾಫಿ ಕುಡಿದು, ಬಂದ ದಾರಿಯಲ್ಲೇ ಹೋಗಿಬಿಟ್ಟಿದ್ದವು.

ಅಷ್ಟರಲ್ಲಿ ಚೌಡಮ್ಮನ ಸೊಂಟ ಹಿಡಿಯಿತು. ಬಗ್ಗಿದರೆ ಏಳಲಾರಳು, ಎದ್ದರೆ ಬಗ್ಗಲಾರಳು. ಅವಳ ತಮ್ಮ ಹೊನ್ನಪ್ಪ ಪೇಟೆಯಿಂದ ಒಂದು ಡಬ್ಬ ತಂದ. ಒಳಗೆ ರೊಟ್ಟಿ ಹಂಚಿನಗಲದ ಒಂದು ಕಪ್ಪು ಮೆಷೀನು.

"ಅಕ್ಕಾ, ಇದು ರೋಬೋಟು. ದಿನಾ ಸಂಜೆ ನಾಲ್ಕಕ್ಕೆ ತಾನೇ ಏಳುತ್ತೆ, ತಾನೇ ಗುಡಿಸುತ್ತೆ, ತಾನೇ ಹೋಗಿ ಮೂಲೇಲಿ ಮಲಗುತ್ತೆ. ನೀನಿನ್ನು ಬಗ್ಗಬೇಡ."

"ಹೇಳದೇನೇ ಮಾಡುತ್ತಾ?" ಅಂದಳು ಚೌಡಮ್ಮ. ಮಗನ ಕಡೆ ಒಂದು ಸಲ ನೋಡಿದಳು.

ಮಾರನೆಯ ದಿನ ಅವಳು ಸೊಂಟಕ್ಕೆ ಎಣ್ಣೆ ತರಲು ಹೊರಟಳು. ಹೊರಡುವಾಗ ಹೇಳಿದಳು: "ಮರಿಸಿದ್ದಾ, ಮೆಷೀನು ಏಳೋದಕ್ಕೆ ಮುಂಚೆ ನೆಲದ ಮೇಲಿರೋದನ್ನೆಲ್ಲ ಎತ್ತಿ ಅಟ್ಟದ ಮೇಲಿಡು. ಒಂದನ್ನೂ ಬಿಡಬೇಡ!"

"ಆಗಲಮ್ಮ!"

ಚಾಪೆ ಎತ್ತಿದ. ಮಣೆ ಎತ್ತಿದ. ಬಿಂದಿಗೆ ಎತ್ತಿದ. ರಾಗಿ ಮೂಟೆ ಎತ್ತಿದ. ಚೌಡಮ್ಮ ಬಂದಾಗ ಮನೆ ಬರಿದಾಗಿತ್ತು. ಮಗ ಬೆವರು ಒರೆಸಿಕೊಳ್ಳುತ್ತಿದ್ದ. ಅಟ್ಟದ ಮೇಲೆ ಗುರ್ರ್... ಢಣ್! ಗುರ್ರ್... ಢಣ್! ಅಂತ ಸದ್ದು.

"ಅಯ್ಯೋ! ಮೇಲೇನೋ ಅದು?"

"ರೋಬೋಟಮ್ಮ. ಬಿಂದಿಗೆಗೆ ಗುದ್ದುತಾ ಇದೆ."

"ಅದನ್ನ ಯಾಕೋ ಮೇಲಿಟ್ಟೆ?"

"ಅದೂ ನೆಲದ ಮೇಲೇ ಇತ್ತಲ್ಲಮ್ಮ!"

ಚೌಡಮ್ಮ ಹಣೆ ಹಣೆ ಚಚ್ಚಿಕೊಂಡಳು. "ಪೆದ್ದಾ! ಅದನ್ನ ಕೆಳಗೆ ಬಿಡಬೇಕು. ಅದು ಹೋಗೋ ಕಡೆ ಹೋಗಲಿ ಅಂತ ದಾರಿ ಬಿಡಬೇಕು. ಎಲ್ಲೂ ಅಡ್ಡ ಇರಬಾರದು!"

"ಅಷ್ಟೇ ತಾನೇ? ಮೊದಲೇ ಹೇಳಬಾರದಾ?"

ಮಾರನೆಯ ದಿನ ಮೆಷೀನು ಎದ್ದಿತು. ಅಡುಗೆಮನೆಗೆ ಹೋಯಿತು, ದಾರಿ ಬಿಟ್ಟ. ನಡುಮನೆಗೆ ಬಂತು, ದಾರಿ ಬಿಟ್ಟ. ತೆರೆದ ಬಾಗಿಲ ಹೊಸ್ತಿಲಿಗೆ ಬಂದು ಮೂತಿ ತಗುಲಿಸಿ ನಿಂತಿತು. "ಪಾಪ, ಹೊಸ್ತಿಲು ಅಡ್ಡ!" ಅಂದವನೇ ಒಳಗೊಂದು ಹೊರಗೊಂದು ಹಲಗೆ ಇಟ್ಟ. ಮೆಷೀನು ಏರಿತು, ಇಳಿಯಿತು, ಬಾಗಿಲ ಮುಂದಿನ ರಂಗೋಲಿ ತಿಂದಿತು. ಪಕ್ಕದ ಮನೆಯ ರಂಗೋಲಿಯನ್ನೂ ತಿಂದಿತು. ಮರಿಸಿದ್ದ ಅದರ ಮುಂದೆ ಮುಂದೆ ಓಡುತ್ತಿದ್ದ. "ಸರೀರಿ! ದಾರಿ ಬಿಡಿ! ಆಟೋ, ಹಿಂದಕ್ಕೆ ಹೋಗಯ್ಯಾ!"

"ಮದುವೆ ಮೆರವಣಿಗೆ ಏನೋ?" ಅಂದ ಆಟೋದವನು.

ಚೌಡಮ್ಮ ಸೊಂಟ ಹಿಡಿದುಕೊಂಡೇ ಓಡಿ ಬಂದಳು. ಬೀದಿಯೆಲ್ಲ ನಗುತ್ತಿತ್ತು. "ಮುಟ್ಠಾಳಾ! ಹೊಸ್ತಿಲು ದಾಟಿಸಬಾರದು! ಏನಿದ್ರೂ ಹೊಸ್ತಿಲ ಒಳಗೇ ಆಗಬೇಕು. ನೀನು ಅದರ ಹೊಟ್ಟೆ ತುಂಬಿದಾಗ ಕಸ ಸುರಿ, ಸಾಕು!"

"ಅಷ್ಟೇ ತಾನೇ? ಮೊದಲೇ ಹೇಳಬಾರದಾ?"

ಮೂರನೆಯ ದಿನ ಬಾಗಿಲು ಹಾಕಿದ. ಮೆಷೀನಿನ ಹೊಟ್ಟೆ ತುಂಬಿತು. ಹೊಸ್ತಿಲ ಒಳಗೇ ಆಗಬೇಕಲ್ಲ! ನಡುಮನೆಯಲ್ಲೇ ಸುರಿದ. ಮೆಷೀನು ಅದನ್ನು ತಿಂದಿತು. ಮತ್ತೆ ಹೊಟ್ಟೆ ತುಂಬಿತು, ಮತ್ತೆ ಸುರಿದ. ಅದು ತಿಂದಿತು, ಇವನು ಸುರಿದ. ಇವನು ಸುರಿದ, ಅದು ತಿಂದಿತು. ಚೌಡಮ್ಮ ಹಿತ್ತಿಲಿಂದ ಬರುವ ಹೊತ್ತಿಗೆ ಅದು ಅಲ್ಲೇ ಸುಸ್ತಾಗಿ ನಿಂತಿತ್ತು.

"ಎಂಥ ಹಸಿವಮ್ಮ ಇದಕ್ಕೆ! ಬಡಿಸಿ ಬಡಿಸಿ ನನ್ನ ಕೈ ಸೋತುಹೋಯ್ತು."

"ಕಸ ಆಚೆ ಹೋಗಬೇಕೋ ಬುದ್ಧಿಗೇಡಿ! ತಿಪ್ಪೆಗೆ ಹೋಗಬೇಕು! ಒಬ್ಬರು ಬಂದು ಹೋದರೂ ಅವರ ಕಾಲಿನ ಧೂಳು ಮನೇಲಿ ಉಳೀಬಾರದು. ಆಗಿಂದಾಗ್ಗೆ ಗುಡಿಸಬೇಕು!"

"ಅಷ್ಟೇ ತಾನೇ?" ಅಂದ ಮರಿಸಿದ್ದ.

ಮಾರನೆಯ ಬೆಳಿಗ್ಗೆ ಹೊನ್ನಪ್ಪ ಬಂದ. ಮುಖ ಹೊಳೆಯುತ್ತಿತ್ತು. "ಅಕ್ಕಾ, ಒಂದು ಸಂಬಂಧ ಬಂದಿದೆ. ಹುಡುಗಿ ಯಶೋದ ಅಂತ, ಚುರುಕಾಗಿದ್ದಾಳೆ. ಅವಳ ಸೋದರತ್ತೆ ಜವರಮ್ಮನದೇ ಎಲ್ಲಾ ಮಾತು. ನಾಳೆ ಮನೆ ನೋಡೋಕೆ ಬರ್ತಾರೆ."

ಚೌಡಮ್ಮನಿಗೆ ಎದೆ ತುಂಬಿ ಬಂತು. ಹೊನ್ನಪ್ಪ ಕಾಫಿ ಕುಡಿದು, ಚಪ್ಪಲಿ ಮೆಟ್ಟಿ, ಹೊರಟ. ಬೀದಿಗೆ ಕಾಲಿಟ್ಟಿದ್ದನೋ ಇಲ್ಲವೋ, ಬೆನ್ನ ಹಿಂದೆ ಗುರ್ರ್ ಅಂತು! ಮರಿಸಿದ್ದ ಮೆಷೀನನ್ನು ಹೊತ್ತು ತಂದು ಮಾವ ಕೂತ ಜಾಗದಲ್ಲೇ ಗುಂಡಿ ಒತ್ತಿ ಬಿಟ್ಟಿದ್ದ.

"ಲೋ, ನಾನಿನ್ನೂ ಬದುಕಿದ್ದೀನಿ ಕಣೋ!" ಅಂತ ಹೊನ್ನಪ್ಪ ಬೀದಿಯಲ್ಲೇ ಕೂಗಿಕೊಂಡ.

ಈ ಸಲ ಚೌಡಮ್ಮ ಬಯ್ಯಲಿಲ್ಲ. ಮಗನನ್ನು ಹತ್ತಿರ ಕೂರಿಸಿಕೊಂಡಳು. "ಮನೆಯಿಂದ ಯಾರಾದರೂ ಹೊರಟ ಕೂಡಲೇ ಗುಡಿಸಬಾರದಪ್ಪ. ಹೆಣ ಎತ್ತಿದಾಗ ಮಾತ್ರ ಹಾಗೆ ಗುಡಿಸೋದು. ನಿಮ್ಮಪ್ಪನ್ನ ಎತ್ತಿಕೊಂಡು ಹೋದಾಗ ನಾನೇ ಗುಡಿಸಿದೆ. ಅವತ್ತು ಕಸವೇ ಇರಲಿಲ್ಲ. ಆದರೂ ಗುಡಿಸಿದೆ." ಆಮೇಲೆ ಕಣ್ಣೊರೆಸಿಕೊಂಡು ದನಿ ಏರಿಸಿದಳು. "ಅದಕ್ಕೇ ಹೇಳ್ತೀನಿ, ನೆಂಟರು ಇರುವಾಗಲೇ ಗುಡಿಸಿದರೂ ಚಿಂತೆಯಿಲ್ಲ, ಹೋದ ಮೇಲೆ ಮಾತ್ರ ಗುಡಿಸಕೂಡದು! ನೆನಪಿರಲಿ!"

"ನೆನಪಿರುತ್ತಮ್ಮ."

ಮಾರನೆಯ ದಿನ ಜವರಮ್ಮ ಬಂದಳು, ಯಶೋದ ಬಂದಳು, ಜೊತೆಗೆ ಹೊನ್ನಪ್ಪ. ಜವರಮ್ಮ ಗೋಡೆ ನೋಡಿದಳು, ಹಿತ್ತಿಲು ನೋಡಿದಳು, ಕೊನೆಗೆ ಹುಡುಗನನ್ನು ನೋಡಿದಳು.

"ಏನಪ್ಪಾ, ತಾಯಿ ಮಾತು ಕೇಳ್ತೀಯಾ?"

"ಕೇಳ್ತೀನಿ."

"ಕುಡಿಯೋದು, ಇಸ್ಪೀಟು ಏನಾದ್ರೂ?"

"ಅಮ್ಮ ಹೇಳಿಲ್ಲ."

ಜವರಮ್ಮ ಮೆಚ್ಚಿ ತಲೆಯಾಡಿಸಿದಳು. ಚೌಡಮ್ಮ ನೆಮ್ಮದಿಯ ಉಸಿರು ಬಿಟ್ಟಳು. ಅರಿಶಿನ ಕುಂಕುಮ ಆಯಿತು, ಎಲೆ ಅಡಿಕೆ ಆಯಿತು. ಒಂದೇ ಒಂದು ಮಾತು, 'ಒಪ್ಪಿಗೆ' ಅನ್ನುವ ಮಾತು, ಅದೊಂದು ಬಾಕಿ. ಜವರಮ್ಮ ಎದ್ದು ನಿಂತು ಬಾಯಿ ತೆರೆದಳು. ಗಡಿಯಾರ ನಾಲ್ಕು ಹೊಡೆಯಿತು. ಮೂಲೆಯಲ್ಲಿ ಮೆಷೀನು ಎದ್ದಿತು.

ಮರಿಸಿದ್ದ ಹಾರಿ ಹೋಗಿ ಬಾಗಿಲಿಗೆ ಅಗಳಿ ಹಾಕಿದ. ಎರಡೂ ಕೈ ಚಾಚಿ ಅಡ್ಡ ನಿಂತ.

"ಕೂತ್ಕೊಳ್ಳಿ! ಗುಡಿಸಿ ಮುಗಿಯೋ ತನಕ ಯಾರೂ ಹೋಗಂಗಿಲ್ಲ!"

"ಯಾಕಪ್ಪಾ?"

"ನೀವು ಹೋದ ಮೇಲೆ ಗುಡಿಸಿದರೆ ನೀವು ಹೆಣ!"

ಹೊನ್ನಪ್ಪ ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ಚೌಡಮ್ಮ ಕಂಬ ಹಿಡಿದುಕೊಂಡಳು. ಜವರಮ್ಮ ಬೆಂಚಿನ ಮೇಲೆ ಕುಸಿದಳು. ಮೆಷೀನು ಬಂತು. ಅವಳು ಕಾಲೆತ್ತಿದಳು. ಹೋಯಿತು, ಇಳಿಸಿದಳು. ಮತ್ತೆ ಬಂತು, ಮತ್ತೆ ಎತ್ತಿದಳು. ಯಶೋದ ಸೆರಗು ಬಾಯಿಗೆ ಹಿಡಿದಿದ್ದಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಚೌಡಮ್ಮನಿಗೆ ತಿಳಿಯಲಿಲ್ಲ.

ಅಂತೂ ಗುಡಿಸಿ ಮುಗಿಯಿತು. ಅಗಳಿ ತೆಗೆದದ್ದೇ ಜವರಮ್ಮ ಹುಡುಗಿಯ ಕೈ ಹಿಡಿದು ಹೊರಟಳು. ಒಪ್ಪಿಗೆ ಅನ್ನಲಿಲ್ಲ, ಇಲ್ಲ ಅನ್ನಲೂ ಇಲ್ಲ.

ಚೌಡಮ್ಮ ಮಗನ ಕಿವಿಯಲ್ಲಿ ಹಲ್ಲು ಕಚ್ಚಿ ಹೇಳಿದಳು: "ಆ ಹಾಳು ಮೆಷೀನನ್ನ ಕೈಗೆತ್ತಿಕೋ, ಇನ್ನೊಂದು ಸುತ್ತು ಹೊರಟೀತು! ಓಡು, ಬಸ್ ಸ್ಟಾಂಡಿನ ತನಕ ಜೊತೆಗೆ ಹೋಗು. ತುಟಿ ಪಿಟಕ್ಕನ್ನಬೇಡ. ನಗುನಗುತಾ ಕಳಿಸಿಕೊಟ್ಟು ಬಾ!"

ಹೋದ. ಅಕ್ಕ ತಮ್ಮ ಇಬ್ಬರೂ ಜಗಲಿಯ ಮೇಲೆ ಬೀದಿ ನೋಡುತ್ತ ಕೂತರು. ಬಹಳ ಹೊತ್ತಿಗೆ ಮರಿಸಿದ್ದ ಕೈ ಬೀಸಿಕೊಂಡು, ನಗುನಗುತ್ತ ಬಂದ.

"ಬಸ್ಸು ಹತ್ತಿದರೇನೋ?"

"ಹತ್ತಿದರು."

"ಮೆಷೀನೆಲ್ಲೋ?"

"ಕೊಟ್ಟೆ."

"ಕೊಟ್ಟೆಯಾ! ಯಾರಿಗೆ?"

"ಅವರಿಗೇ. ಕಳಿಸಿ, ಕೊಟ್ಟು, ಬಾ ಅಂದೆಯಲ್ಲ? ಕಳಿಸಿದೆ, ಕೊಟ್ಟೆ, ಬಂದೆ. ಕೊಡೋಕೆ ಕೈಯಲ್ಲಿ ಅದೊಂದೇ ಇತ್ತು."

ಚೌಡಮ್ಮ ಹಣೆ ಹಿಡಿದುಕೊಂಡಳು. "ಅವರೇನಂದರು?"

"ಹುಡುಗಿ ತೊಡೆ ಮೇಲಿಟ್ಟುಕೊಂಡು ಸವರಿದಳು. ಅವರತ್ತೆ ತಿರುಗಿಸಿ ತಿರುಗಿಸಿ ನೋಡಿದರು. ಬಸ್ಸು ಹೊರಟಾಗ ಕಿಟಕಿಯಿಂದ ತಲೆ ಹಾಕಿ, 'ಹೋಗಿ ನಿಮ್ಮಮ್ಮನಿಗೆ ಹೇಳಪ್ಪಾ, ನಮ್ಮ ಹುಡುಗಿಗೆ ಒಪ್ಪಿಗೆ' ಅಂದರು."

ಹೊನ್ನಪ್ಪ ಎದ್ದು ನಿಂತುಬಿಟ್ಟ. ಚೌಡಮ್ಮ ನೋಯುವ ಸೊಂಟವನ್ನೂ ಮರೆತು ಮಗನ ಎರಡು ತೋಳೂ ಹಿಡಿದು ಅಲ್ಲಾಡಿಸಿದಳು.

"ಯಾವುದೋ ಒಪ್ಪಿಗೆ? ಸರಿಯಾಗಿ ಹೇಳೋ! ನೀನಾ, ಮೆಷೀನಾ?"

ಮರಿಸಿದ್ದ ತಾಯಿಯ ಮುಖವನ್ನೇ ನೋಡಿದ. ಅವನಿಗೆ ನಿಜಕ್ಕೂ ಬೇಜಾರಾಗಿತ್ತು.

"ತುಟಿ ಪಿಟಕ್ಕನ್ನಬೇಡ ಅಂದಿದ್ದೆಯಲ್ಲಮ್ಮ! ಕೇಳೋದು ಹೇಗೆ?"