ಜವರ ಎಸೆದ ಚೆಂಡು

ಹತ್ತಿರ ಬಂದು ಕೂತ್ಕಳಿ, ಹೇಳ್ತೀನಿ. ಕಬ್ಬಿನ ಸೀಮೇಲಿ ಒಬ್ಬ ತಾಯಿ, ಅವಳಿಗೊಬ್ಬ ಮಗ. ತಾಯಿ ಸಣ್ಣತಾಯಮ್ಮ, ಮಗ ಜವರ. ತಾಯಿಗೆ ಉಬ್ಬಸ, ಮಗನಿಗೆ ಪೆದ್ದುತನ. ಎರಡಕ್ಕೂ ಯಾರ ಹತ್ರಾನೂ ಮದ್ದಿರಲಿಲ್ಲ.

"ಬಾಗಿಲು ನೋಡ್ಕೊಳ್ಳೋ" ಅಂದ್ರೆ ಬಾಗಿಲನ್ನೇ ನೋಡ್ತಾ ಕೂತಿರೋನು. ಹಿತ್ತಲಿಂದ ನಾಯಿ ಬಂದು ಮುದ್ದೆ ತಿಂದು ಹೋದರೂ ಬಾಗಿಲನ್ನೇ ನೋಡೋನು. "ಹೊಟ್ಟೆ ಉರೀತದೆ ಕಣೋ ನಿನ್ನ ಕಟ್ಕೊಂಡು!" ಅಂದ್ರೆ ಚೊಂಬು ತುಂಬ ನೀರು ತರೋನು.

ಆದರೆ ಅವನ ತೋಳು! ಅದೇನು ತೋಳು! ಗದ್ದೇಲಿ ನಿಂತು ಹಂದಿಗೆ ಅಂತ ಕಲ್ಲು ಬೀಸಿದರೆ ಕಲ್ಲು ನಾಲೆ ದಾಟಿ ಬೀಳೋದು.

ಅಲ್ಲಿಯ ಸಕ್ಕರೆ ಕಾರ್ಖಾನೆಯವರು ಬೇಸ್‌ಬಾಲ್ ತಂಡ ಕಟ್ಟಿದ್ರು. ದೊಣ್ಣೇಲಿ ಚೆಂಡು ಹೊಡೆದು ನಾಲ್ಕು ಮೂಲೆ ಸುತ್ತಿ ಓಡೋ ಆಟ. ಓಡೋನು ಮುಟ್ಟೋದಕ್ಕೆ ಮುಂಚೆ ಚೆಂಡು ಆ ಮೂಲೆ ಸೇರಬೇಕು. ಕೊನೇ ಮೂಲೆಗೆ 'ಮನೆ' ಅಂತಾನೇ ಹೆಸರು. ತಂಡದಲ್ಲಿ ಉಳಿದೋನಿಗೆ ಕಾರ್ಖಾನೇಲಿ ಕೆಲಸ. ಆಟ ಕಲಿಸೋ ಬೋರಲಿಂಗಯ್ಯ ಮೇಷ್ಟ್ರು ಆ ತೋಳು ನೋಡಿ, ಜವರನ್ನ ಕರೆದ್ರು.

ಸಣ್ಣತಾಯಮ್ಮ ಮಗನ ತಲೆ ಸವರಿ ಅಂದಳು: "ಮೇಷ್ಟ್ರು ಹೇಳಿದಂಗೇ ಮಾಡು ಮಗಾ. ನನ್ನ ಉಸಿರು ಯಾವತ್ತಿಗೆ ನಿಲ್ತದೋ. ಈ ಕೆಲಸ ಒಂದು ಸಿಕ್ಕಿದ್ರೆ, ನಾನಿಲ್ಲದಿದ್ರೂ ಉಣ್ತೀಯ."

"ಹೇಳಿದಂಗೇ ಮಾಡ್ತೀನಿ ಅವ್ವ!"

ಮೇಷ್ಟ್ರು ಅವನನ್ನ ಎರಡನೇ ಮೂಲೇಲಿ ನಿಲ್ಲಿಸಿದ್ರು. "ಚೆಂಡು ಬಂದ್ರೆ ಒಂದನೇ ಮೂಲೇಲಿ ನಿಂತೋನಿಗೆ ಎಸಿ. ಇರೋ ಬಲವೆಲ್ಲ ಹಾಕು!" ಅಂದ್ರು. ಚೆಂಡು ಉರುಳ್ಕೊಂಡು ಬಂತು. ಜವರ ಹಿಡಿದ, ಒಂದನೇ ಮೂಲೆಯವನ ಹತ್ತಿರಕ್ಕೇ ಓಡಿ ಬಂದ, ಮೂಗಿನ ಮುಂದೆ ನಿಂತು ಇರೋ ಬಲವೆಲ್ಲ ಹಾಕಿ ಎಸೆದ. ಆ ಹುಡುಗ "ಅಯ್ಯಪ್ಪೋ!" ಅಂತ ಎದೆ ಹಿಡ್ಕೊಂಡು ಮಲಗಿಬಿಟ್ಟ.

"ಲೇ ಪೆದ್ದ! ಕೊಲ್ಲೋಕೆ ಬಂದಿದೀಯೇನೋ! ಹತ್ತಿರದಿಂದ ಅಷ್ಟು ವೇಗ ಯಾಕೋ! ಕೈಗೆ ಹೂ ಕೊಟ್ಟಂಗೆ ಕೊಡಬೇಕು!"

"ಆಯ್ತು ಮೇಷ್ಟ್ರೇ, ಇನ್ಮೇಲೆ ಹೂ ಕೊಟ್ಟಂಗೆ."

ಇವನು ದೂರಕ್ಕೇ ಸರಿ ಅಂತ ಮೇಷ್ಟ್ರು ಮಾರನೇ ದಿನ ಮೈದಾನದ ಅಂಚಿಗೆ ಕಳಿಸಿದ್ರು. ಅಲ್ಲಿಂದ ಎಸೆಯೋಕೇ ದೊಡ್ಡ ತೋಳು ಬೇಕು. ಚೆಂಡು ಹಾರಿ ಅವನ ಕೈಗೇ ಬಿತ್ತು. ಓಡೋರು ಓಡ್ತಾವ್ರೆ, ಎಲ್ಲರೂ "ಎಸಿಯೋ! ಎಸಿಯೋ!" ಅಂತ ಕೂಗ್ತಾವ್ರೆ. ಜವರ ಎರಡೂ ಕೈಲಿ ಚೆಂಡು ಹಿಡ್ಕೊಂಡು, ಪೂಜೆಗೆ ಹೊರಟೋನಂಗೆ, ಮೆಲ್ಲಗೆ ನಡ್ಕೊಂಡು ಬಂದ. ಬಂದು ಮೇಷ್ಟ್ರ ಕೈಗಿಟ್ಟ. ಅಷ್ಟರಲ್ಲಿ ಓಡೋರೆಲ್ಲ ಸುತ್ತು ಮುಗಿಸಿ ನೀರು ಕುಡೀತಿದ್ರು.

"ಲೇ ಪೆದ್ದ! ಅಷ್ಟು ದೂರದಿಂದ ನಡೀತಾರೇನೋ! ದೂರ ಇದ್ದಾಗಲೇ ಕಣೋ ವೇಗ ಬೇಕಾಗಿರೋದು! ನಿಂತ ಜಾಗದಿಂದ ನೇರ ಮನೆಗೆ ಎಸಿ!"

"ಆಯ್ತು ಮೇಷ್ಟ್ರೇ, ಇನ್ಮೇಲೆ ಮನೆಗೆ."

ಮತ್ತೆ ಚೆಂಡು ಬಂತು. ಜವರ ಹಿಡಿದ. ಮೈದಾನಕ್ಕೆ ಬೆನ್ನು ಹಾಕಿ, ಬೇಲಿ ಆಚೆ ಕಾಣ್ತಿದ್ದ ತನ್ನ ಮನೆ ಕಡೆ ಬೀಸಿ ಎಸೆದ! ಚೆಂಡು ಹೆಂಚು ಒಡ್ಕೊಂಡು ಒಲೆ ಮೇಲಿನ ಸಾರಿಗೆ ಬಿತ್ತು. ಸಣ್ಣತಾಯಮ್ಮ ಕೆಮ್ತಾ ಕೆಮ್ತಾ ಚೆಂಡು ತೊಳೆದು, ಬೇಲಿ ಹತ್ರ ಬಂದು ಕೈ ಮುಗಿದಳು. "ಮೇಷ್ಟ್ರೇ, ಕೈ ಬಿಡಬೇಡಿ. ನನ್ನ ಮಗ ಹೇಳಿದ್ದನ್ನ ಮಾಡ್ತಾನೆ. ಹೇಳೋದು ಒಸಿ ಬಿಡಿಸಿ ಹೇಳಿ."

ಮೇಷ್ಟ್ರಿಗೂ ಕರುಳು ಚುರ್ ಅಂತು. ಬಿಡಿಸಿ ಹೇಳಿದ್ರು: "ನೋಡೋ, ಮನೆ ಅಂದ್ರೆ ನಿಮ್ಮನೆ ಅಲ್ಲ. ಅಲ್ಲಿ ಮುಖಕ್ಕೆ ಕಬ್ಬಿಣದ ಜಾಲರಿ ಹಾಕ್ಕೊಂಡು ಒಬ್ಬ ಇರ್ತಾನಲ್ಲ, ಮನೆ ಕಾಯೋನು? ಆ ಜಾಲರಿಯವನಿಗೆ ಎಸಿ!"

"ಆಯ್ತು ಮೇಷ್ಟ್ರೇ, ಇನ್ಮೇಲೆ ಜಾಲರಿಗೆ."

ಪಂದ್ಯದ ದಿನ ಬಂತು. ಕಾರ್ಖಾನೆ ದೊಡ್ಡೋರೆಲ್ಲ ಕುರ್ಚಿ ಹಾಕ್ಕೊಂಡು ಕೂತವ್ರೆ. ಕೊನೇ ಗಳಿಗೆ. ಎದುರಾಳಿ ಮನೆ ಕಡೆ ಓಡ್ತಾವ್ನೆ, ಚೆಂಡು ಜವರನ ಕೈಲದೆ. ಮನೆ ಕಾಯೋನು ಚೆಂಡು ಚೆನ್ನಾಗಿ ಕಾಣಲಿ ಅಂತ ಜಾಲರಿ ಕಿತ್ತು ಬಿಸಾಕಿ, "ಎಸಿಯೋ ಜವರ!" ಅಂತ ಕೈ ಚಾಚಿದ. ಜವರ ನೋಡಿದ. ಇವನ ಮುಖದಲ್ಲಿ ಜಾಲರಿ ಇಲ್ಲ! ಹಿಂದೆ ಒಬ್ಬ ನಿಂತವ್ನೆ, ಅವನ ಮುಖದಲ್ಲಿ ಜಾಲರಿ ಅದೆ. ಅವನೇ ಅಂಪೈರು!

ಜವರ ಎಸೆದ. ಅಂಥ ಎಸೆತ ಆ ಸೀಮೆಯಲ್ಲೇ ಯಾರೂ ಕಂಡಿರಲಿಲ್ಲ. ಜಾಲರಿ ಸೊಟ್ಟಗಾಯ್ತು. ಅಂಪೈರು ಅಂಗಾತ ಬಿದ್ದ. ಪಂದ್ಯ ಹೋಯ್ತು, ಕೆಲಸವೂ ಹೋಯ್ತು.

ಮೇಷ್ಟ್ರ ಬಾಯಿಗೆ ಬಂದದ್ದು ಇಷ್ಟೇ: "ನಡಿ! ನೆಟ್ಟಗೆ ನಡಿ ಇಲ್ಲಿಂದ! ತಿರುಗಬೇಡ!"

"ಆಯ್ತು ಮೇಷ್ಟ್ರೇ."

ಜವರ ನೆಟ್ಟಗೆ ನಡೆದ. ದಾರೀಲೇ ಅವನ ಮನೆ. ಬಾಗಿಲಲ್ಲಿ ಅವ್ವ ನಿಂತಿದ್ದಳು. "ಮಗಾ, ಏನಾಯ್ತೋ? ಬಾ ಒಳಕ್ಕೆ!" ಒಳಕ್ಕೆ ಹೋಗೋಕೆ ತಿರುಗಬೇಕಲ್ಲ! ಅವನು ತಿರುಗಲಿಲ್ಲ.

"ಜವರಾ! ಎಲ್ಲಿಗೋ?"

"ನೆಟ್ಟಗೆ ಅವ್ವ!"

"ತಿರುಗೋ ಮಗಾ!"

"ತಿರುಗಬೇಡ ಅಂದವ್ರೆ ಅವ್ವ!"

ಅವಳು ಹಿಂದೆ ಓಡಿದಳು. ಉಬ್ಬಸದವಳು, ಎಷ್ಟು ದೂರ ಓಡ್ತಾಳೆ? ಒಂದು ಕೈ ಎದೆ ಮೇಲೆ, ಒಂದು ಕೈ ಮಗನ ಕಡೆ. ಕೂಗೋಕೂ ಉಸಿರು ಸಾಲದೆ ಕಬ್ಬಿನ ಬದುವಿನ ಮೇಲೆ ಕುಸಿದು ಕೂತಳು. ಅವಳು ಕೂತದ್ದು ಮಗನಿಗೆ ಗೊತ್ತಾಗಲಿಲ್ಲ. ತಿರುಗಿದ್ರೆ ತಾನೇ ಗೊತ್ತಾಗೋದು?

ಹೊತ್ತು ಇಳಿಯೋ ವೇಳೆಗೆ ಮೇಷ್ಟ್ರು ಸೈಕಲ್ ಹತ್ತಿ ಹುಡುಕಿಕೊಂಡು ಬಂದ್ರು. ದಾರಿ ನಾಲೆ ತೂಬಿನ ಹತ್ರ ಮುಗೀತದೆ. ಅಲ್ಲಿ ಜವರ ತೂಬಿನ ಗೋಡೆಗೆ ಮುಖ ಮಾಡಿ ನಿಂತಿದ್ದ.

"ತಿರುಗೋ ಜವರ," ಅಂದ್ರು ಮೇಷ್ಟ್ರು.

ತಿರುಗಿದ. "ಅವ್ವ ಕೂಗ್ತಾ ಇದ್ಲು ಮೇಷ್ಟ್ರೇ. ಆಮೇಲೆ ಸುಮ್ಮನಾದ್ಲು."

"ನಿಮ್ಮವ್ವ ಹೋಗ್ಬಿಟ್ಳು ಕಣೋ."

"ಹೋದ್ಲಾ? ಯಾವ ಕಡೆಗೆ?"

ಜವರ ದಾರಿ ಉದ್ದಕ್ಕೂ ಕಣ್ಣು ಹಾಯಿಸಿದ.

"ಇರೋದು ಇದೊಂದೇ ದಾರಿ. ಇಲ್ಲಿಗೇ ಬರ್ತಾಳೆ ಬಿಡಿ. ಉಬ್ಬಸ ಅಲ್ವಾ, ನಿಧಾನ ಆಯ್ತದೆ," ಅಂದ. ಬಂದವಳು ಕೂತು ಸುಧಾರಿಸ್ಕೊಳ್ಳಲಿ ಅಂತ, ಹೆಗಲ ಮೇಲಿನ ಟವಲ್ ತಗೊಂಡು ತೂಬಿನ ಕಲ್ಲಿನ ಧೂಳು ಒರೆಸೋಕೆ ಶುರುಮಾಡಿದ.